ಆಬ್ಜೆಕ್ಟ್‌ಗಳಿಗೇ ಅಂತ ಪ್ರೊಸೆಸರ್ ಯಾಕಿಲ್ಲ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಬಿಇ ಆರನೇ ಸೆಮಿಸ್ಟರ್. ಜಾವಾ, ಪೈಥಾನ್ ಎಲ್ಲಾ ಆಬ್ಜೆಕ್ಟ್ ಮೇಲೇ ನಡೆಯುತ್ತವೆ. ಆಬ್ಜೆಕ್ಟ್ (ಡೇಟಾ ಮತ್ತು ಅದರ ಮೇಲಿನ ಕೆಲಸಗಳು ಒಟ್ಟಿಗಿರುವ ಘಟಕ) ಅಂದ್ರೆ ಏನು ಅಂತ ಪ್ರೊಸೆಸರ್‌ಗೇ ಗೊತ್ತಿದ್ದರೆ ಪ್ರೋಗ್ರಾಂ ಇನ್ನೂ ವೇಗವಾಗಿ ಓಡುತ್ತೆ, ಅಲ್ವಾ? ಯಾರೂ ಯಾಕೆ ಮಾಡಲಿಲ್ಲ?

ಉತ್ತರ: ಮಾಡಿದ್ದಾರೆ. ಇಂಟೆಲ್ 1975ರಲ್ಲಿ ಕೆಲಸ ಶುರು ಮಾಡಿ 1981ರಲ್ಲಿ ಐಎಪಿಎಕ್ಸ್ 432 ಅನ್ನುವ ಪ್ರೊಸೆಸರ್ ಹೊರತಂದಿತು. ಇದರಲ್ಲಿ ಬರೀ ವಿಳಾಸ ಕೊಟ್ಟು ಮೆಮೊರಿ ಮುಟ್ಟುವ ಹಾಗಿಲ್ಲ. ಆ ಆಬ್ಜೆಕ್ಟ್‌ನ ಡಿಸ್ಕ್ರಿಪ್ಟರ್, ಅಂದ್ರೆ ಅದರ ವಿವರ ಹೇಳುವ ಚೀಟಿ, ಕೈಯಲ್ಲಿರಬೇಕು. ಅನುಮತಿ ಇದೆಯಾ, ಗಡಿ ದಾಟಿಲ್ಲವಾ ಅಂತ ಹಾರ್ಡ್‌ವೇರೇ ನೋಡುತ್ತದೆ. ಎಷ್ಟು ಒಳ್ಳೆಯ ಯೋಚನೆ ನೋಡಿ! ಆದರೆ ಮುಖ್ಯ ಪ್ರೊಸೆಸರ್ ಒಂದೇ ಚಿಪ್‌ನಲ್ಲಿ ಹಿಡಿಸದೆ ಎರಡಾಯಿತು. ಇನ್‌ಸ್ಟ್ರಕ್ಷನ್ (ಪ್ರೊಸೆಸರ್‌ಗೆ ಕೊಡುವ ಒಂದು ಆದೇಶ) ಉದ್ದ 6 ಬಿಟ್‌ನಿಂದ 321 ಬಿಟ್‌ವರೆಗೆ. ಅದನ್ನು ಬಿಡಿಸಿಕೊಳ್ಳುವುದೇ ದೊಡ್ಡ ಕೆಲಸ. ಪ್ರೋಗ್ರಾಮರ್‌ಗೆ ಸಿಗುವ ಡೇಟಾ ರಿಜಿಸ್ಟರ್ (ಪ್ರೊಸೆಸರ್ ಒಳಗೇ ಇರುವ ವೇಗದ ಪುಟ್ಟ ಜಾಗ) ಒಂದೂ ಇಲ್ಲ. ಹಾಗಾಗಿ ಚಿಕ್ಕ ಲೆಕ್ಕಕ್ಕೂ ಮೆಮೊರಿಗೆ ಓಡಬೇಕು. ಸಾಲದ್ದಕ್ಕೆ, ಅದರ ಅಡಾ ಭಾಷೆಯ ಕಂಪೈಲರ್ ಅದೇ ಮಾಡ್ಯೂಲ್‌ನ ಫಂಕ್ಷನ್ ಕರೆಯುವಾಗಲೂ ಬೇರೆ ಮಾಡ್ಯೂಲ್‌ಗೆ ಬೇಕಾದ ದುಬಾರಿ ಕರೆಯನ್ನೇ (ಕಾಲ್) ಹಾಕುತ್ತಿತ್ತು. ಅದೇ ಕಂಪನಿಯ 286 ಪ್ರೊಸೆಸರ್ ಇದಕ್ಕಿಂತ ಎಷ್ಟೋ ವೇಗವಾಗಿತ್ತು.

ಪ್ರಶ್ನೆ: ಹಾಗಾದ್ರೆ ಕಂಪೈಲರ್ ಸರಿಯಿದ್ದಿದ್ದರೆ ಗೆಲ್ಲುತ್ತಿತ್ತಾ?

ಉತ್ತರ: ಅಂತರ ಕಡಿಮೆ ಆಗುತ್ತಿತ್ತು. ಆದರೆ ವೇಗಕ್ಕೆ ಅಷ್ಟೊಂದು ಹಾರ್ಡ್‌ವೇರ್ ಬೇಕಾಗಿಯೇ ಇಲ್ಲ ಅನ್ನುವುದು ಬರ್ಕ್ಲಿಯ ಸೋರ್ ಚಿಪ್‌ನಲ್ಲಿ ಗೊತ್ತಾಯಿತು. ಡೇವಿಡ್ ಪ್ಯಾಟರ್ಸನ್, ಡೇವಿಡ್ ಉಂಗರ್ ಮತ್ತು ಜೊತೆಯವರು 80ರ ದಶಕದಲ್ಲಿ ಸ್ಮಾಲ್‌ಟಾಕ್ ಅನ್ನುವ ಆಬ್ಜೆಕ್ಟ್ ಭಾಷೆಗೆ ಅಂತಲೇ ಮಾಡಿದ ಸರಳ ರಿಸ್ಕ್ ಚಿಪ್ (ಕಡಿಮೆ, ಸರಳ ಇನ್‌ಸ್ಟ್ರಕ್ಷನ್‌ಗಳದ್ದು) ಅದು. ಎರಡು ಮೌಲ್ಯ ಕೂಡಿಸಬೇಕಾದಾಗ ಎರಡೂ ಪೂರ್ಣಾಂಕ ಅಂದುಕೊಂಡೇ ಕೂಡಿಸುತ್ತದೆ. ಅದೇ ಹೊತ್ತಿಗೆ ಟ್ಯಾಗ್ ಬಿಟ್ (ಇದು ಪೂರ್ಣಾಂಕವಾ ಅಲ್ಲವಾ ಅಂತ ಹೇಳುವ ಗುರುತು) ನೋಡುತ್ತದೆ. ಅಂದಾಜು ತಪ್ಪಿದರೆ ಮಾತ್ರ ನಿಂತು ಸಾಫ್ಟ್‌ವೇರ್‌ಗೆ ಒಪ್ಪಿಸುತ್ತದೆ. ಹೀಗೆ ಸೇರಿಸಿದ ಸೌಲಭ್ಯಗಳಲ್ಲಿ ಕೆಲವೇ ಕೆಲವು ನಿಜವಾಗಿ ಉಪಯೋಗಕ್ಕೆ ಬಂದವು ಅಂತ ಉಂಗರ್ ತಾವೇ ಅಳೆದು ಹೇಳಿದರು.

ಮೆಥಡ್, ಅಂದ್ರೆ ಆಬ್ಜೆಕ್ಟ್‌ನ ಫಂಕ್ಷನ್, ಹುಡುಕುವ ಕೆಲಸವನ್ನೇ ನೋಡಿ. ಹಿಂದಿನ ಸಲ ಸಿಕ್ಕಿದ ಮೆಥಡ್‌ನ ವಿಳಾಸವನ್ನು ಕಾಲ್ ಇರುವ ಜಾಗದಲ್ಲೇ ಬರೆದಿಟ್ಟರೆ, ಮುಂದಿನ ಸಲ ಕ್ಲಾಸ್ ಅದೇನಾ ಅಂತ ನೋಡಿದರೆ ಸಾಕು. 1984ರಲ್ಲಿ ಡಾಯ್ಚ್ ಮತ್ತು ಶಿಫ್‌ಮನ್ ಅನ್ನುವ ಸಂಶೋಧಕರು ಇದನ್ನು ಮಾಮೂಲಿ ಪ್ರೊಸೆಸರ್ ಮೇಲೇ ಮಾಡಿ ತೋರಿಸಿದರು. ನೀವು ಬರೆಯುವ ಜಾವಾ ಇವತ್ತು ಓಡುವುದೂ ಇಂಥ ಉಪಾಯದಿಂದಲೇ.

ಪ್ರಶ್ನೆ: ಅಂದ್ರೆ 432ರ ಶ್ರಮ ಸುಮ್ನೆ ಹೋಯ್ತಾ ಮೇಡಂ?

ಉತ್ತರ: ಖಂಡಿತ ಇಲ್ಲ. ವೇಗ ಬಿಟ್ಟು ಸುರಕ್ಷತೆ ಕಡೆ ನೋಡಿ. ಕೇಂಬ್ರಿಡ್ಜ್‌ನ ಚೆರಿ ವಿನ್ಯಾಸದಲ್ಲಿ ಪಾಯಿಂಟರ್ (ಮೆಮೊರಿಯ ವಿಳಾಸ) ಜೊತೆಗೇ ಗಡಿ, ಅನುಮತಿ ಎರಡೂ ಇರುತ್ತವೆ. ಅದನ್ನು ಅಳವಡಿಸಿದ ಆರ್ಮ್ ಕಂಪನಿಯ ಮೊರೆಲ್ಲೋ ಬೋರ್ಡ್ 2022ರಲ್ಲಿ ಬಂತು. ಪ್ರಾಜೆಕ್ಟ್ ಹುಡುಕುತ್ತಿದ್ದರೆ ಕ್ಯೂಇಎಂಯು ಎಮ್ಯುಲೇಟರ್‌ನಲ್ಲಿ (ಬೇರೆ ಪ್ರೊಸೆಸರನ್ನು ಅನುಕರಿಸುವ ಸಾಫ್ಟ್‌ವೇರ್) ಚೆರಿ ರಿಸ್ಕ್-ವಿ, ಅಂದ್ರೆ ಚೆರಿ ಸೇರಿಸಿದ ರಿಸ್ಕ್-ವಿ ಪ್ರೊಸೆಸರ್, ಓಡಿಸಿ. ಅರೇ ಗಡಿ ದಾಟುವ ಪುಟ್ಟ ಸಿ ಪ್ರೋಗ್ರಾಂ ಬರೆದು, ಅದು ಎಲ್ಲಿ ನಿಲ್ಲುತ್ತದೆ ನೋಡಿ. ಸಿಕ್ಕಿದ್ದನ್ನು ಇಲ್ಲೇ ಹಾಕಿ, ಮುಂದಕ್ಕೆ ಮಾತಾಡೋಣ.