ಬೆನ್ನುಹುರಿಗೆ ಪೆಟ್ಟಾದವರಿಗೆ ಕಾಫಿ ಕ್ಯೂರಿಂಗ್‌ನಲ್ಲಿ ಲೆಕ್ಕದ ಕೆಲಸ: ಅಡ್ಡಿಗಳನ್ನು ಗುರುತಿಸಿ ವರದಿ ಬರೆಯುವುದು ಹೇಗೆ?

ಪ್ರಶ್ನೆ: ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತೆ), ಚಿಕ್ಕಮಗಳೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಸಿಲ್ವರ್ ಮರಕ್ಕೆ ಏಣಿ ಹಾಕಿ ಮೆಣಸು ಕೊಯ್ಯುವಾಗ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಆಲ್ದೂರು ಕಡೆಯ ಯುವಕರೊಬ್ಬರು ಕೆಲಸ ಕೊಡಿಸುವಂತೆ ನಮ್ಮಲ್ಲಿಗೆ ಬಂದಿದ್ದಾರೆ. ಪಿಯುಸಿ ಮುಗಿಸಿದ್ದಾರೆ, ಲೆಕ್ಕದಲ್ಲಿ ಚುರುಕಾಗಿದ್ದಾರೆ, ಗಾಲಿಕುರ್ಚಿಯನ್ನು ತಾವೇ ತಳ್ಳಿಕೊಂಡು ಓಡಾಡುತ್ತಾರೆ. ಇಲ್ಲಿನ ಕ್ಯೂರಿಂಗ್ ವರ್ಕ್ಸ್ (ಕಾಫಿ ಸಂಸ್ಕರಿಸುವ ಘಟಕ) ಒಂದರಲ್ಲಿ ತೂಕದ ಲೆಕ್ಕ ಬರೆಯುವವರು ಬೇಕಾಗಿದ್ದಾರೆ. ಆದರೆ ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ಶೇ 80 ಎಂದಿರುವುದನ್ನು ನೋಡಿದ ಕೂಡಲೇ ವ್ಯವಸ್ಥಾಪಕರು ಇವರಿಂದ ಆಗುವುದಿಲ್ಲ ಎಂದುಬಿಟ್ಟರು. ಯಾವ ಕೆಲಸ ಆಗುವುದಿಲ್ಲ ಎಂದು ಕೇಳಿದರೆ ಅವರ ಬಳಿ ಉತ್ತರವಿರಲಿಲ್ಲ. ಅವರ ಮುಂದಿಡಲು ವರದಿ ಬರೆಯಬೇಕಿದೆ. ಎಲ್ಲಿಂದ ಆರಂಭಿಸಲಿ?

ಉತ್ತರ: ವೃತ್ತಿ ಪುನರ್ವಸತಿ ಸಮಾಲೋಚಕ, ಹಾಸನ

ಮೇಡಂ, ಆ ಶೇಕಡಾವಾರು ಸೌಲಭ್ಯಗಳ ಅರ್ಹತೆಯನ್ನು ತೀರ್ಮಾನಿಸಲು ವೈದ್ಯರು ಕೊಡುವ ಅಂಕಿ. ಈ ಹುದ್ದೆಯ ಕೆಲಸದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆದ್ದರಿಂದ ವರದಿಯನ್ನು ಕೆಲಸದ ಜಾಗದಿಂದಲೇ ಆರಂಭಿಸಿ. ಲಾರಿ ಬಂದು ನಿಲ್ಲುವುದರಿಂದ ಹಿಡಿದು ರಸೀದಿ ಹರಿದು ಕೊಡುವವರೆಗೆ ಅಲ್ಲೇ ನಿಂತು ನೋಡಿ, ಸಾಧ್ಯವಾದರೆ ಅವರನ್ನೂ ಕರೆದೊಯ್ಯಿರಿ. ತೂಕದ ಅಂಕಿ ಓದುವುದು, ಮೂಟೆಯ ಗುರುತು ತಾಳೆ ನೋಡುವುದು, ತೇವಾಂಶ ಬರೆದುಕೊಳ್ಳುವುದು, ಪುಸ್ತಕ ಹೊಂದಿಸುವುದು ಆ ಹುದ್ದೆಯ ಮೂಲ ಕೆಲಸಗಳು. ಮೂಟೆ ಸರಿಸಲು ಕೈಜೋಡಿಸುವುದು, ಮಹಡಿ ಹತ್ತಿ ರಸೀದಿ ಕೊಟ್ಟು ಬರುವುದು ರೂಢಿಯಿಂದ ಸೇರಿಕೊಂಡವು; ಅವನ್ನು ಬೇರೆಯವರಿಗೆ ಹಂಚಬಹುದು. ಪ್ರತಿ ಮೂಲ ಕೆಲಸದ ಎದುರು ಅಡ್ಡಿ ಏನು, ಏನು ಬದಲಾದರೆ ಅದು ನೀಗುತ್ತದೆ, ಖರ್ಚು ಎಷ್ಟು ಎಂದು ಬರೆಯಿರಿ.

ಒಂದು ಉದಾಹರಣೆ ಕೊಡುತ್ತೇನೆ. ಇಳಿಜಾರು ಕಟ್ಟುವಾಗ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಗೋದಾಮಿನ ಕಟ್ಟೆ ಲಾರಿಯ ಮಟ್ಟಕ್ಕೆ ಮೂರು ಅಡಿ ಎತ್ತರವಿದ್ದರೆ ಮೂವತ್ತಾರು ಅಡಿ ಇಳಿಜಾರಾಗುತ್ತದೆ, ಮಾಲೀಕರು ಅಲ್ಲೇ ಹಿಂಜರಿಯುತ್ತಾರೆ. ಲೆಕ್ಕದ ಮೇಜನ್ನೇ ನೆಲಮಟ್ಟದ ಕೋಣೆಗೆ ತಂದು, ತೂಕದ ಯಂತ್ರಕ್ಕೆ ಇನ್ನೊಂದು ಅಂಕಿಫಲಕವನ್ನು ವೈರಿನಲ್ಲಿ ಎಳೆದು ಮೇಜಿನ ಮೇಲಿಟ್ಟರೆ ಕಟ್ಟೆ ಹತ್ತುವ ಪ್ರಶ್ನೆಯೇ ಇರುವುದಿಲ್ಲ. ಮೇಜಿನ ಕೆಳಗೆ ಮಂಡಿ ಹಿಡಿಸುವಷ್ಟು ಜಾಗವಿರಲಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಕಲಂ ಸಮಂಜಸ ಅನುಕೂಲ (ಕೆಲಸ ಮಾಡಲು ಬೇಕಾದ ತಕ್ಕ ಬದಲಾವಣೆ) ಒದಗಿಸುವ ಹೊಣೆಯನ್ನು ಸರ್ಕಾರಿ ಸಂಸ್ಥೆಗಳಿಗೆ ನೇರವಾಗಿ ಹೊರಿಸಿದೆ. ಖಾಸಗಿಯವರಿಗೆ 21ನೇ ಕಲಂ ಪ್ರಕಾರ ಸಮಾನ ಅವಕಾಶ ನೀತಿ ಇರಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ ಕೊಡುವ ಸೌಲಭ್ಯಗಳನ್ನೂ ಅದರಲ್ಲಿ ಹೇಳಬೇಕೆಂದು 2017ರ ನಿಯಮಗಳು ಹೇಳುತ್ತವೆ. ಆ ನೀತಿಯ ಪ್ರತಿಯನ್ನು ಕೇಳಿ ಪಡೆಯಿರಿ.

ಉತ್ತರ: ಫಿಸಿಯೋಥೆರಪಿಸ್ಟ್, ಚಿಕ್ಕಮಗಳೂರು

ಮೇಲಿನ ಮಾತಿಗೆ ಒಂದು ಸೇರ್ಪಡೆ: ಮೇಜಿಗಿಂತ ಮೊದಲು ಶೌಚಾಲಯ ನೋಡಿ. ಇಂಥ ಗಾಯವಾದವರಲ್ಲಿ ಅನೇಕರು ನಾಲ್ಕರಿಂದ ಆರು ಗಂಟೆಗೊಮ್ಮೆ ನಳಿಕೆ ಹಾಕಿ ಮೂತ್ರ ತೆಗೆಯಬೇಕಾಗುತ್ತದೆ. ಅದಕ್ಕೆ ಗಾಲಿಕುರ್ಚಿ ಒಳಗೆ ಹೋಗಿ ತಿರುಗುವಷ್ಟು ಅಗಲ, ಒಳಗಿನಿಂದ ಹಾಕಿಕೊಳ್ಳುವ ಚಿಲಕ, ಕೈ ತೊಳೆಯಲು ಸೋಪು ಮತ್ತು ನೀರು ಬೇಕು. ಇವಿಲ್ಲದ ಕಡೆ ನೀರು ಕುಡಿಯುವುದನ್ನೇ ಬಿಟ್ಟು ದಿನ ದೂಡಿ, ಕೊನೆಗೆ ಸೋಂಕಾಗಿ ಕೆಲಸ ಬಿಟ್ಟವರನ್ನು ನಾನು ನೋಡಿದ್ದೇನೆ. ಸ್ಪರ್ಶಜ್ಞಾನ ಇಲ್ಲದಿರುವುದರಿಂದ ಕುಳಿತಲ್ಲೇ ಹುಣ್ಣಾಗುತ್ತಿರುವುದು ಅವರಿಗೆ ತಿಳಿಯುವುದಿಲ್ಲ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕೈಯೂರಿ ಮೈಯೆತ್ತಬೇಕು, ಒಳ್ಳೆಯ ದಿಂಬು ಇರಬೇಕು. ಇದನ್ನು ಮೇಲ್ವಿಚಾರಕರಿಗೆ ತಿಳಿಸಿದ್ದರೆ ಕೆಲಸಗಳ್ಳತನವೆಂಬ ಅಪವಾದ ಬರುವುದಿಲ್ಲ. ಆದರೆ ಎಷ್ಟು ತಿಳಿಸಬೇಕೆಂಬುದನ್ನು ಅವರ ಒಪ್ಪಿಗೆ ಪಡೆದೇ ನಿರ್ಧರಿಸಿ.

ಉತ್ತರ: ಸರ್ಕಾರಿ ನೌಕರ, ಹಾಸನ

ನಾನು ದೃಷ್ಟಿಹೀನ. ಕೆಲಸಕ್ಕೆ ಸೇರಿದಾಗ ನನ್ನನ್ನು ಕೇಳದೆಯೇ ದೊಡ್ಡ ಪರದೆಯ ಕಂಪ್ಯೂಟರ್ ತರಿಸಿದ್ದರು. ನನಗಿದ್ದ ನಿಜವಾದ ಅಡ್ಡಿ ಬೇರೆ: ನುಡಿ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತಗಳನ್ನು ಎನ್‌ವಿಡಿಎ ಎಂಬ, ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದುತ್ತಿತ್ತು. ಎಲ್ಲರೂ ಯೂನಿಕೋಡಿನಲ್ಲಿ ಬೆರಳಚ್ಚು ಮಾಡತೊಡಗಿದ ಮೇಲೆ ಅಡ್ಡಿ ತಪ್ಪಿತು, ಖರ್ಚೂ ಆಗಲಿಲ್ಲ. ಆದ್ದರಿಂದ ಆ ಯುವಕರೊಂದಿಗೆ, ಮನೆಯವರು ಪಕ್ಕದಲ್ಲಿ ಇಲ್ಲದಾಗ, ಒಮ್ಮೆ ನಿಧಾನವಾಗಿ ಮಾತನಾಡಿ. ಮನೆಯಿಂದ ರಸ್ತೆಯವರೆಗೆ ಮಳೆಗಾಲದಲ್ಲಿ ಹೇಗೆ ಬರುತ್ತಾರೆ ಎಂಬುದನ್ನೂ ಕೇಳಿ. ಅದು ಕೆಲಸದ ಜಾಗದಲ್ಲಿ ಕಾಣುವ ಅಡ್ಡಿಯಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಶೌಚಾಲಯದ ವಿಷಯ ನನ್ನ ಪಟ್ಟಿಯಲ್ಲೇ ಇರಲಿಲ್ಲ. ಯಂತ್ರಚಾಲಿತ ವಾಹನಕ್ಕೆ ವಿಕಲಚೇತನರ ಇಲಾಖೆಗೆ ಅರ್ಜಿ ಹಾಕಿಸುತ್ತೇನೆ. ಅವರು ಬಿದ್ದು ಒಂದೂವರೆ ವರ್ಷವಾಯಿತು, ತೋಟದವರಿಂದ ಪರಿಹಾರವೇನೂ ಬಂದಿಲ್ಲವಂತೆ.

ಉತ್ತರ: ವೃತ್ತಿ ಪುನರ್ವಸತಿ ಸಮಾಲೋಚಕ, ಹಾಸನ

ಹಾಗಾದರೆ ಅದನ್ನು ಈ ವಾರವೇ ಕೈಗೆತ್ತಿಕೊಳ್ಳಿ. ಕೆಲಸದಲ್ಲಿ ಗಾಯಗೊಂಡವರ ಪರಿಹಾರದ ಕಾನೂನು (ಹಿಂದೆ 1923ರ ನೌಕರರ ಪರಿಹಾರ ಕಾಯ್ದೆ, 2025ರ ನವೆಂಬರ್‌ನಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆ) ತೋಟದ ಕೆಲಸಗಾರರಿಗೂ ಅನ್ವಯಿಸುತ್ತದೆ, ಅಪಘಾತವಾದ ಎರಡು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಆಸ್ಪತ್ರೆಯ ಬಿಡುಗಡೆ ಪತ್ರ ಮತ್ತು ತೋಟದ ಹಾಜರಿಯ ದಾಖಲೆಯೊಂದಿಗೆ ಅವರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳುಹಿಸಿ. ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ.