ಮೊಬೈಲ್ ಕಳ್ಳತನ ತಡೆಯಲು ಹೊಸ ಕಾನೂನು ಬೇಕೇ?

ಡೊಂಬಿವಲಿ ಪ್ರಯಾಣಿಕ (ಪ್ರಶ್ನೆ):
ಕಳೆದ ತಿಂಗಳು ಸಂಜೆಯ ಲೋಕಲ್ ರೈಲಿನಿಂದ ಇಳಿಯುವ ನೂಕುನುಗ್ಗಲಿನಲ್ಲಿ ಅಂಗಿಯ ಜೇಬಿನಲ್ಲಿದ್ದ ನನ್ನ ಮೊಬೈಲನ್ನು ಯಾರೋ ಎಗರಿಸಿದರು. ಠಾಣೆಗೆ ಹೋದರೆ ಅಲ್ಲಿದ್ದ ಸಿಬ್ಬಂದಿ ‘ಚೋರಿ’ ಎಂದು ಬರೆದುಕೊಳ್ಳಲು ಒಪ್ಪದೆ, ‘ಗಹಾಳ’ ಎಂದು, ಅಂದರೆ ಎಲ್ಲೋ ಕಳೆದುಹೋಗಿದೆ ಎಂದು ಬರೆದ ಕಾಗದವನ್ನು ಕೈಗಿತ್ತು, ಹೊಸ ಸಿಮ್ ಪಡೆಯಲು ಇಷ್ಟು ಸಾಕು ಎಂದರು. ಜಾಮೀನು ಸಿಗದಂಥ, ಕನಿಷ್ಠ ಐದು ವರ್ಷ ಸೆರೆವಾಸವಿರುವ ಪ್ರತ್ಯೇಕ ಕಾನೂನನ್ನೇ ಮಾಡದ ಹೊರತು ಈ ಕಳ್ಳರು ಹೆದರುವುದಿಲ್ಲವೆಂದು ನನಗನ್ನಿಸುತ್ತದೆ. ಬಲ್ಲವರು ಏನೆನ್ನುತ್ತೀರಿ?

ಮಾಟುಂಗಾದ ವಕೀಲೆ:
ತಾವು ಕೇಳುತ್ತಿರುವುದರಲ್ಲಿ ಬಹುಪಾಲು ಈಗಾಗಲೇ ಕಾನೂನಿನಲ್ಲಿದೆ ಸರ್. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಪ್ರಕಾರ ಕಳ್ಳತನಕ್ಕೆ 3 ವರ್ಷದವರೆಗೆ ಶಿಕ್ಷೆಯುಂಟು. ಎರಡನೆಯ ಬಾರಿ ಅಪರಾಧ ಸಾಬೀತಾದರೆ ಕನಿಷ್ಠ 1 ವರ್ಷ, ಗರಿಷ್ಠ 5 ವರ್ಷ ಕಠಿಣ ಸೆರೆವಾಸ. ಅದು ಜಾಮೀನುರಹಿತ ಅಪರಾಧವೂ ಹೌದು. ಹಳೆಯ ದಂಡ ಸಂಹಿತೆಯಲ್ಲಿ ಇಲ್ಲದಿದ್ದ ‘ಕಸಿದುಕೊಳ್ಳುವಿಕೆ’ಯನ್ನು 304ನೇ ಕಲಮು ಬೇರೆಯೇ ಅಪರಾಧವಾಗಿಸಿದೆ. ಪ್ರಯಾಣಿಕರ ವಾಹನದಿಂದ ವಸ್ತು ಕದ್ದರೆ 305ನೇ ಕಲಮಿನಲ್ಲಿ 7 ವರ್ಷದವರೆಗೂ ಹೋಗಬಹುದು. ಲೋಕಲ್ ಡಬ್ಬಿಯಲ್ಲಿ ಜೇಬಿನಿಂದ ಹೋದ ಮೊಬೈಲಿಗೂ ಅದು ಅನ್ವಯಿಸಬೇಕೆಂಬುದು ನನ್ನ ವಾದ. ಇನ್ನು ಹಳಿಯ ಪಕ್ಕದಲ್ಲಿ ನಿಂತು, ಬಾಗಿಲಲ್ಲಿರುವವರ ಕೈಗೆ ಕೋಲಿನಿಂದ ಬಾರಿಸಿ ಫೋನ್ ಬೀಳಿಸುವ ‘ಫಟ್ಕಾ ಗ್ಯಾಂಗ್’ ಮಾಡುವುದು ಬರೀ ಕಳ್ಳತನವಲ್ಲ. ಕದಿಯುವುದಕ್ಕಾಗಿ ಗಾಯ ಮಾಡಿದ್ದರಿಂದ ಅದು ಸುಲಿಗೆಯಾಗುತ್ತದೆ, ಶಿಕ್ಷೆ 10 ವರ್ಷದವರೆಗೆ.

ಆದರೆ ‘ಗಹಾಳ’ ಎಂದು ಬರೆದ ಕ್ಷಣದಲ್ಲಿ ಈ ಕಲಮುಗಳೆಲ್ಲ ಕಾಗದದ ಹುಲಿಗಳಾಗುತ್ತವೆ. ಕಳೆದುಹೋದ ವಸ್ತುವಿಗೆ ಆರೋಪಿಯೇ ಇರುವುದಿಲ್ಲ. ನಾಳೆ ಫೋನ್ ಸಿಕ್ಕಿದರೂ ಅದು ತಮ್ಮ ಕೈ ಸೇರಬಹುದೇ ಹೊರತು, ಅದನ್ನು ಇಟ್ಟುಕೊಂಡಿದ್ದವನ ಮೇಲೆ ಹೂಡಲು ಮೊಕದ್ದಮೆ ಇರುವುದಿಲ್ಲ. ಆದ್ದರಿಂದ ಎಫ್ಐಆರ್‌ಗೆ ಪಟ್ಟು ಹಿಡಿಯಿರಿ. ದೂರು, ತನಿಖೆಗಳ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇ-ಮೇಲ್ ಮುಂತಾದ ವಿದ್ಯುನ್ಮಾನ ಮಾರ್ಗದಲ್ಲಿ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಠಾಣೆಯವರು ನಿರಾಕರಿಸಿದರೆ ಎಸ್‌ಪಿಗೆ ಅಂಚೆಯಲ್ಲಿ ಬರೆಯಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿದ್ದಾರೆ. ಒಂದು ಎಚ್ಚರಿಕೆ: 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳ್ಳತನದಲ್ಲಿ ಪೊಲೀಸರು ತಾವಾಗಿಯೇ ತನಿಖೆ ಆರಂಭಿಸುವಂತಿಲ್ಲ. ಹಾಗಾಗಿ ಫೋನಿನ ಬಿಲ್ಲನ್ನು ತಪ್ಪದೆ ಜೊತೆಗೆ ಒಯ್ಯಿರಿ.

ಪುಣೆಯ ರಿಪೇರಿಯವ:
ಹದಿನಾರು ವರ್ಷದಿಂದ ಮೊಬೈಲ್ ರಿಪೇರಿ ಮಾಡಿಕೊಂಡಿರುವವನಾಗಿ ಹೇಳುತ್ತೇನೆ: ಕಳ್ಳನು ಕಲಮು ನೋಡಿ ಕದಿಯುವುದಿಲ್ಲ, ಕೊಳ್ಳುವವನನ್ನು ನೋಡಿ ಕದಿಯುತ್ತಾನೆ. ಕದ್ದ ಫೋನಿನ ಐಎಂಇಐ ಸಂಖ್ಯೆಯನ್ನು, ಅಂದರೆ ಪ್ರತಿ ಫೋನನ್ನೂ ಗುರುತಿಸುವ 15 ಅಂಕಿಯ ಸಂಖ್ಯೆಯನ್ನು, ತಡೆಹಿಡಿಯುವ ಸಿಇಐಆರ್ ವ್ಯವಸ್ಥೆಯನ್ನು 2019ರ ಸೆಪ್ಟೆಂಬರಿನಲ್ಲಿ ಮೊದಲು ನಮ್ಮ ಮಹಾರಾಷ್ಟ್ರದಲ್ಲಿಯೇ ಪ್ರಯೋಗಕ್ಕೆ ತಂದರು, 2023ರ ಮೇ ತಿಂಗಳಲ್ಲಿ ಸಂಚಾರ ಸಾಥಿ ಜಾಲತಾಣದ ಮೂಲಕ ಇಡೀ ದೇಶಕ್ಕೆ ವಿಸ್ತರಿಸಿದರು. ದೂರಿನ ಪ್ರತಿ ಮತ್ತು ಅದೇ ಸಂಖ್ಯೆಯ ಬದಲಿ ಸಿಮ್ ಇದ್ದರೆ ತಾವೇ ಅರ್ಜಿ ಹಾಕಬಹುದು. ಆಮೇಲೆ ಆ ಫೋನಿಗೆ ಭಾರತದ ಯಾವ ಕಂಪನಿಯ ಸಿಮ್ ಹಾಕಿದರೂ ನಡೆಯುವುದಿಲ್ಲ, ಹಾಕಿದವನ ಸುಳಿವೂ ಪೊಲೀಸರಿಗೆ ತಲುಪುತ್ತದೆ.

ಈ ಸಂಖ್ಯೆಯನ್ನು ತಿದ್ದಿದವನಿಗೆ 2023ರ ದೂರಸಂಪರ್ಕ ಕಾಯಿದೆಯ 42ನೇ ಕಲಮಿನಲ್ಲಿ 3 ವರ್ಷದವರೆಗೆ ಸೆರೆವಾಸ, 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಷ್ಟಾದರೂ ಎರಡು ಕಿಂಡಿಗಳು ಉಳಿದಿವೆ. ತಡೆ ಇರುವುದು ನಮ್ಮ ದೇಶದ ಜಾಲದಲ್ಲಿ ಮಾತ್ರ, ಗಡಿ ದಾಟಿದ ಫೋನಿಗೆ ಅದು ತಾಗದು. ಎರಡನೆಯದು ಬಿಡಿಭಾಗ: ಬಿಚ್ಚಿ ಮಾರಿದ ಡಿಸ್‌ಪ್ಲೇಗೂ ಕ್ಯಾಮೆರಾಗೂ ಐಎಂಇಐ ಇರುವುದಿಲ್ಲ. ಹಾಗಾಗಿ ಹೊಸ ಕಾನೂನು ಮಾಡುವುದೇ ಆದರೆ ನನ್ನಂಥ ಅಂಗಡಿಯವರಿಗೆ ಮಾಡಲಿ. ಹಳೆಯ ಫೋನ್ ಕೊಳ್ಳುವಾಗ ಮಾರುವವನ ಗುರುತಿನ ಚೀಟಿ, ಬಿಲ್ಲು ಎರಡನ್ನೂ ದಾಖಲಿಸಬೇಕೆಂಬ ಕಡ್ಡಾಯ ಬಂದರೆ ನನಗೆ ಕಿರಿಕಿರಿಯಾಗುವುದು ನಿಜ, ಆದರೂ ಅದು ನ್ಯಾಯವೇ. ಅಂದಹಾಗೆ ಸೆಕೆಂಡ್‌ಹ್ಯಾಂಡ್ ಕೊಳ್ಳುವ ಮೊದಲು ಇಂಗ್ಲಿಷಿನಲ್ಲಿ ‘KYM’ ಎಂದು ಬರೆದು, ಮುಂದೆ ಐಎಂಇಐ ಸೇರಿಸಿ 14422ಕ್ಕೆ ಸಂದೇಶ ಕಳುಹಿಸಿ ನೋಡಿ.

ಮಡಗಾಂವ್ ವಾಸಿ:
ಅಂಗಡಿಯವರಷ್ಟೇ ಏಕೆ, ತಯಾರಕರನ್ನೂ ಕಟ್ಟಿಹಾಕಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 2014ರಲ್ಲಿ ಮಾಡಿದ ಕಾಯಿದೆಯು, 2015ರ ಜುಲೈ 1ರ ನಂತರ ತಯಾರಾಗಿ ಅಲ್ಲಿ ಮಾರಾಟವಾಗುವ ಸ್ಮಾರ್ಟ್‌ಫೋನುಗಳನ್ನು ಮಾಲೀಕನು ದೂರದಿಂದಲೇ ನಿಷ್ಕ್ರಿಯಗೊಳಿಸುವಂತಿರಬೇಕು, ಫೋನ್ ಮೊದಲು ಸಿದ್ಧಪಡಿಸುವಾಗಲೇ ಆ ಸೌಲಭ್ಯ ತಾನಾಗಿ ಮುಂದೆ ಬರಬೇಕು ಎಂದು ವಿಧಿಸಿತು. ಬ್ರಿಟನ್ ಅದಕ್ಕೂ ಮೊದಲು, 2002ರಲ್ಲಿಯೇ, ಐಎಂಇಐ ಬದಲಿಸುವುದಕ್ಕೆ 5 ವರ್ಷದವರೆಗೆ ಶಿಕ್ಷೆ ಇಟ್ಟಿತು. 2006ರಲ್ಲಿ, ಬದಲಿಸಿಕೊಡುತ್ತೇನೆಂದು ಹೇಳುವುದನ್ನೂ ಅಪರಾಧವಾಗಿಸಿತು. ಈ ಎರಡನೆಯ ಮಾತು ನಮ್ಮಲ್ಲಿಗೂ ಬರಬೇಕೆಂದು ನನ್ನ ಅಭಿಪ್ರಾಯ. ಆದರೆ ಒಂದು ಮಿತಿಯಿರಲಿ. 2025ರ ನವೆಂಬರ್ ಕೊನೆಯಲ್ಲಿ ಸಂಚಾರ ಸಾಥಿ ಆ್ಯಪನ್ನು ಪ್ರತಿ ಹೊಸ ಫೋನಿನಲ್ಲೂ ಕಡ್ಡಾಯವಾಗಿ ಹಾಕಿಸಲು ಹೊರಟ ಸರ್ಕಾರ, ಖಾಸಗಿತನದ ಆಕ್ಷೇಪ ಎದ್ದೊಡನೆ ಕೆಲವೇ ದಿನಗಳಲ್ಲಿ ಆದೇಶವನ್ನು ಹಿಂದಕ್ಕೆ ಪಡೆಯಬೇಕಾಯಿತು. ಕಳ್ಳನನ್ನು ಹಿಡಿಯುವ ನೆಪದಲ್ಲಿ ಮಾಲೀಕನ ಜೇಬನ್ನೂ ತಡಕಾಡುವುದು ಬೇಡ.

ಡೊಂಬಿವಲಿ ಪ್ರಯಾಣಿಕ:
ಎಲ್ಲರಿಗೂ ಕೃತಜ್ಞತೆಗಳು. ಐದು ವರ್ಷದ ನನ್ನ ಬೇಡಿಕೆಯನ್ನು ಸದ್ಯಕ್ಕೆ ಬದಿಗಿಡುತ್ತೇನೆ. ಫೋನಿನ ಡಬ್ಬಿ ಮತ್ತು ಬಿಲ್ಲು ಧಾರವಾಡದ ಮನೆಯಲ್ಲಿದ್ದವು. ಅಣ್ಣ ಅವುಗಳ ಚಿತ್ರ ಕಳುಹಿಸಿದ್ದಾನೆ, ಬೆಲೆ 18,500 ರೂಪಾಯಿ ಎಂದು ಸ್ಪಷ್ಟವಾಗಿ ಕಾಣುತ್ತದೆ. ಸೋಮವಾರ ಅರ್ಧ ದಿನ ರಜೆ ಹಾಕಿ ಮತ್ತೆ ಠಾಣೆಗೆ ಹೋಗುತ್ತೇನೆ. ವಕೀಲ ಮೇಡಂ, ಮೊದಲೊಮ್ಮೆ ‘ಗಹಾಳ’ ಎಂಬ ಕಾಗದಕ್ಕೆ ನಾನೇ ಸಹಿ ಹಾಕಿರುವುದು ಈಗ ಎಫ್ಐಆರ್‌ಗೆ ಅಡ್ಡಿಯಾಗುತ್ತದೆಯೇ?

ಮಾಟುಂಗಾದ ವಕೀಲೆ:
ಅಡ್ಡಿಯಿಲ್ಲ. ಅಂದು ಏನು ಹೇಳಿದಿರಿ, ಅವರು ಏನು ಬರೆದುಕೊಂಡರು ಎಂಬುದನ್ನು ಹೊಸ ದೂರಿನಲ್ಲಿ ದಿನಾಂಕ ಸಹಿತ ವಿವರಿಸಿ, ಆ ಕಾಗದದ ಪ್ರತಿಯನ್ನೂ ಲಗತ್ತಿಸಿ. ಎಫ್ಐಆರ್ ಪ್ರತಿಯನ್ನು ಅವರು ಉಚಿತವಾಗಿಯೇ ಕೊಡಬೇಕು, ಅದನ್ನು ಪಡೆಯದೆ ಏಳಬೇಡಿ.