ಸೊಂಟನೋವಿಗೆ ಎಂಆರ್‌ಐ: ಮಾಡಿಸಿದರೆ ನಷ್ಟವೇನು?

ಪ್ರಶ್ನೆ (ಬ್ರಹ್ಮಾವರ): ಅಮ್ಮನಿಗೆ 52 ವರ್ಷ, ಬೀಡಿ ಕಟ್ಟುವ ಕೆಲಸ. ಮೂರು ವಾರದಿಂದ ಸೊಂಟನೋವು. ಡಾಕ್ಟರು ಕೈಕಾಲು ಪರೀಕ್ಷಿಸಿ, ಸ್ಕ್ಯಾನ್ ಸದ್ಯ ಬೇಡ ಅಂದರು. ನೋಡದೆ ಹೇಗೆ ಹೇಳುತ್ತಾರೆ? ನಮ್ಮದೇ ಖರ್ಚಲ್ಲಿ ಮಾಡಿಸಿದರೆ ಆಗದಾ?

ಉತ್ತರ (ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನ್ ನೋಡಿ ರಿಪೋರ್ಟ್ ಬರೆಯುವ ವೈದ್ಯರು, ಮಂಗಳೂರು): ಎಂಆರ್‌ಐ ಕಾಂತಶಕ್ತಿಯಿಂದ ಮೈಯೊಳಗಿನ ಚಿತ್ರ ತೆಗೆಯುವ ಸ್ಕ್ಯಾನ್, ಅದರಲ್ಲಿ ಎಕ್ಸ್‌ರೇಯಂಥ ವಿಕಿರಣ ಇಲ್ಲ, ಹಾಗಾಗಿ ಆ ಭಯ ಬೇಡ. ತೊಂದರೆ ಶುರುವಾಗುವುದು ರಿಪೋರ್ಟ್ ಕೈಗೆ ಬಂದ ಮೇಲೆ. ಸೊಂಟನೋವೇ ಇಲ್ಲದ 98 ಜನರ ಎಂಆರ್‌ಐ ಮಾಡಿದ ಅಮೆರಿಕದ ಅಧ್ಯಯನವೊಂದು 1994ರಲ್ಲಿ ಪ್ರಕಟವಾಯಿತು. ಅವರಲ್ಲಿ 52% ಜನರಿಗೆ ಒಂದಾದರೂ ಡಿಸ್ಕ್ ಬಲ್ಜ್ (ಬೆನ್ನುಮೂಳೆಗಳ ನಡುವಿನ ಮೆತ್ತೆ ಸುತ್ತಲೂ ಉಬ್ಬುವುದು) ಇತ್ತು, 27% ಜನರಿಗೆ ಪ್ರೊಟ್ರೂಷನ್ (ಆ ಮೆತ್ತೆ ಒಂದು ಕಡೆ ಹೊರಚಾಚುವುದು). ನಿಮ್ಮ ತಾಯಿಯ ರಿಪೋರ್ಟಿನಲ್ಲೂ ಇದೇ ಪದಗಳು ಬಂದರೆ ಆಶ್ಚರ್ಯವಿಲ್ಲ. ಆಮೇಲೆ ನೋವೆಲ್ಲ ಆ ಡಿಸ್ಕಿನ ಲೆಕ್ಕಕ್ಕೆ ಹೋಗುತ್ತದೆ. ಬಗ್ಗಲು ಹೆದರಿಕೆ, ನಡಿಗೆ ಬಂದ್, ಇಂಜೆಕ್ಷನ್ ಮಾತು, ಆಪರೇಷನ್ ಮಾತು. ಚಿತ್ರದಲ್ಲಿ ಕಾಣುವುದು ರಚನೆ. ನೋವು ಅದರಲ್ಲಿ ಮೂಡುವುದಿಲ್ಲ. ಇದು ಎರಡೂ ಕಡೆಗೆ ಅನ್ವಯ: ಸ್ಕ್ಯಾನ್ ನಾರ್ಮಲ್ ಬಂತೆಂದು ನರಳುವವರಿಗೆ 'ನಿಮಗೇನೂ ಇಲ್ಲ' ಅನ್ನುವುದೂ ಅನ್ಯಾಯವೇ.

ಆದರೆ ಮೂತ್ರ ಕಟ್ಟಿದರೆ, ಕೂರುವ ಜಾಗ ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ, ಅಂದೇ ಸ್ಕ್ಯಾನ್ ಆಗಬೇಕು. ಜ್ವರ, ಹಿಂದೆ ಕ್ಯಾನ್ಸರ್, ಕಾರಣವಿಲ್ಲದೆ ತೂಕ ಇಳಿಕೆ, ಬಿದ್ದ ಪೆಟ್ಟು, ದೀರ್ಘಕಾಲ ಸ್ಟಿರಾಯ್ಡ್ ಇದ್ದರೂ ಕಾಯಬಾರದು. ಇವು ಯಾವುದೂ ಇಲ್ಲದಿದ್ದರೆ ಸಾಮಾನ್ಯವಾಗಿ ಆರು ವಾರ ಚಿಕಿತ್ಸೆ ಕೊಟ್ಟು ನೋಡುವುದು ಕ್ರಮ. ಡಾಕ್ಟರು ನೋಡದೆ ಹೇಳಿದ್ದಲ್ಲ. ಕಾಲಿನ ಬಲ, ಸ್ಪರ್ಶ, ರಿಫ್ಲೆಕ್ಸ್ ನೋಡಿಯೇ ಹೇಳಿದ್ದು.

ಪ್ರಶ್ನೆ (ಕುಂದಾಪುರ): ಹಾಗಾದರೆ ಆರೋಗ್ಯವಂತರಿಗೆ ಇಡೀ ಮೈ ಸ್ಕ್ಯಾನ್ ಪ್ಯಾಕೇಜ್?

ಉತ್ತರ (ರೇಡಿಯಾಲಜಿಸ್ಟ್): ಉದಾಹರಣೆಗೆ ಒಂದು ಲೆಕ್ಕ ನೋಡಿ. 1000 ಜನರಲ್ಲಿ 10 ಮಂದಿಗೆ ರೋಗ ಉಂಟು. ಪರೀಕ್ಷೆ ರೋಗವಿದ್ದವರಲ್ಲಿ 90%, ಇಲ್ಲದವರಲ್ಲೂ 90% ಸರಿ ಹೇಳುತ್ತದೆ. ಆಗ 9 ನಿಜ ರೋಗಿಗಳು ಸಿಗುತ್ತಾರೆ, ಜೊತೆಗೆ 99 ಆರೋಗ್ಯವಂತರೂ 'ಅನುಮಾನ'ದ ಪಟ್ಟಿಗೆ ಸೇರುತ್ತಾರೆ. ಅವರಿಗೆ ಬಯಾಪ್ಸಿ (ಮೈಯ ಚೂರು ತೆಗೆದು ಪರೀಕ್ಷಿಸುವುದು), ಮರುಸ್ಕ್ಯಾನ್, ನಿದ್ದೆಗೇಡು. ದಕ್ಷಿಣ ಕೊರಿಯಾದಲ್ಲಿ ಅಲ್ಟ್ರಾಸೌಂಡ್ ತಪಾಸಣೆ ಹೆಚ್ಚಿದ ಮೇಲೆ, 2011ರಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ರ 15 ಪಟ್ಟಾಗಿತ್ತು. ಅದರಿಂದ ಸಾಯುವವರ ಪ್ರಮಾಣ ಮಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಅಷ್ಟು ಜನರ ಗಂಟಲಿಗೆ ಕತ್ತರಿ ಹಾಕಿದ್ದನ್ನು ಮುಂಜಾಗ್ರತೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಸ್ತನದ ಮ್ಯಾಮೋಗ್ರಫಿಯಂತೆ ವಯಸ್ಸು ನೋಡಿ ನಿಗದಿಯಾದ ತಪಾಸಣೆ ಬೇರೆ ವಿಷಯ.

ಉತ್ತರ (ಮೂಳೆತಜ್ಞರು, ಉಡುಪಿ): ಒಪ್ಪುತ್ತೇನೆ, ಆದರೆ ಹೊಣೆ ನಮ್ಮ ಎರಡೂ ವಿಭಾಗದ್ದು. ಸ್ಕ್ಯಾನ್ ಚೀಟಿಯಲ್ಲಿ 'ಸೊಂಟನೋವು' ಎಂದಷ್ಟೇ ಗೀಚಿ ಕಳಿಸುವುದು ತಪ್ಪು. ಯಾವ ಕಾಲು, ಎಷ್ಟು ವಾರ, ಯಾವ ಬೆರಳಿಗೆ ಜೋಮು, ಬಲ ಎಷ್ಟು, ಹಳೆಯ ಆಪರೇಷನ್ ಇದೆಯೇ ಎಂದು ಬರೆದರೆ ರೇಡಿಯಾಲಜಿಸ್ಟ್ ಆ ನರವನ್ನೇ ಹುಡುಕಿ ನೋಡುತ್ತಾರೆ. ಅತ್ತ ರಿಪೋರ್ಟ್ ಬರೆಯುವವರೂ ಕೊನೆಗೆ 'ಕ್ಲಿನಿಕಲ್ ಕೋರಿಲೇಶನ್ ಮಾಡಿ' (ರೋಗಿಯ ಲಕ್ಷಣಗಳ ಜೊತೆ ತಾಳೆ ನೋಡಿ) ಎಂದು ಕೈತೊಳೆದುಕೊಳ್ಳದೆ, 'ಈ ವಯಸ್ಸಿಗೆ ಸಾಮಾನ್ಯ' ಎಂಬ ಒಂದು ಸಾಲು ಸೇರಿಸಬೇಕು. ಕಿಡ್ನಿಯಲ್ಲಿ ನೀರುಗುಳ್ಳೆಯಂಥ ಹೆಚ್ಚಾಗಿ ನಿರಪಾಯವಾದದ್ದು ಆಕಸ್ಮಿಕವಾಗಿ ಕಾಣಬಹುದೆಂದು ರೋಗಿಗೆ ಸ್ಕ್ಯಾನಿನ ಮೊದಲೇ ತಿಳಿಸಬೇಕು.

ಬ್ರಹ್ಮಾವರದವರಿಗೆ: ಬೀಡಿಗೆ ಕೂತಲ್ಲಿಂದ ಅರ್ಧ ಗಂಟೆಗೊಮ್ಮೆ ಏಳಿಸಿ, ದಿನವೂ ನಡೆಸಿ. ಆರು ವಾರದಲ್ಲಿ ಇಳಿಯದಿದ್ದರೆ ಮತ್ತೆ ಪರೀಕ್ಷೆ. ಆಗ ಸ್ಕ್ಯಾನ್ ಬೇಕಾದರೆ ಹಳೆಯ ಫಿಲ್ಮ್ ಇದ್ದರೆ ತನ್ನಿ, ಪೇಸ್‌ಮೇಕರ್ ಅಥವಾ ಮೈಯೊಳಗೆ ಲೋಹ ಇದ್ದರೆ ಮೊದಲೇ ಹೇಳಿ.